ಮಂದಿಗೊಂದು ಪರದೆ, ನನಗೊಂದು ಪರದೆ

ಬಸವಕಲ್ಯಾಣ

ಮಲಾವಿ ಎಲ್ಲಿದೆ ಎಂದು ನಮ್ಮ ದುಬಲಗುಂಡಿಯಲ್ಲಿ ಈಗ ಯಾರನ್ನು ಕೇಳಿದರೂ ಹೇಳುತ್ತಾರೆ: ಸುಜಾತಾ ಹೋಗಿ ಬಂದ ಊರು. ಹೋಗುವ ಮೊದಲು ಅದು ನನಗೇ ಗೊತ್ತಿರಲಿಲ್ಲ. ಆಫ್ರಿಕಾದ ಕೆಳಭಾಗದಲ್ಲಿ, ಸಮುದ್ರವಿಲ್ಲದ, ಒಂದು ಉದ್ದನೆಯ ಸರೋವರಕ್ಕೆ ಅಂಟಿಕೊಂಡಿರುವ ದೇಶ ಅದು. ಅಲ್ಲಿ ತೊಗರಿ ಬೆಳೆಯುತ್ತಾರೆ. ಅದೊಂದೇ ಕಾರಣಕ್ಕೆ ನನಗೆ ಕರೆ ಬಂತು.

ನಮ್ಮದು ತೊಗರಿ ಬೇಳೆ ಮಾಡುವ ಹೆಣ್ಣುಮಕ್ಕಳ ಸಂಘ. ಕಾಳಿಗೆ ಕೆಮ್ಮಣ್ಣಿನ ನೀರು ಹಚ್ಚಿ, ಒಣಗಿಸಿ, ಮನೆಯ ಬೀಸುಕಲ್ಲಿನಲ್ಲಿ ಒಡೆದು, ಹುಮನಾಬಾದಿನ ಸಂತೆಯಲ್ಲಿ ಮಾರುತ್ತೇವೆ. ಮಲಾವಿಯ ತೆಂಕಣ ಭಾಗದ ಹೆಂಗಸರು ನಮ್ಮ ಹಾಗೆಯೇ ತೊಗರಿ ಬೆಳೆದರೂ ಕಾಳನ್ನು ಇಡಿಯಾಗಿಯೇ ಮಾರಿಬಿಡುತ್ತಾರಂತೆ. ಅವರ ಸಮ್ಮೇಳನಕ್ಕೆ ಬಂದು, ಕಂಪ್ಯೂಟರಿನಲ್ಲಿ ಚಿತ್ರ ತೋರಿಸುತ್ತ, ಬೇಳೆ ಮಾಡುವ ರೀತಿಯನ್ನು ಹೇಳಬೇಕೆಂದು ಆಮಂತ್ರಣ. ಅದರಲ್ಲಿ ಹೆಸರು ನನ್ನದಿತ್ತು. ಆದರೆ ಬಾಯಿ ಮಾತ್ರ ದಿನಕರ ಸಾಹೇಬರದೇ ಇರುತ್ತದೆ ಎಂದು ಊರು ಗಟ್ಟಿಯಾಗಿ ನಂಬಿತ್ತು.

ದಿನಕರ ಸಾಹೇಬರು ನಮ್ಮಂಥ ಸಂಘಗಳನ್ನು ನೋಡಿಕೊಳ್ಳುವ ಬೀದರಿನ ಒಂದು ಸಂಸ್ಥೆಯವರು. ಒಳ್ಳೆಯ ಮನುಷ್ಯ. ಸಂಘದಲ್ಲಿ ಯಾರಿಗೆ ಜ್ವರ ಬಂದರೂ ತಮ್ಮ ಗಾಡಿಯಲ್ಲಿ ದವಾಖಾನೆಗೆ ಒಯ್ಯುತ್ತಾರೆ. ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು. ಅವರದು ಒಂದೇ ಚಟ: ನಮ್ಮಲ್ಲಿ ಯಾರಾದರೂ ಮೈಕ್ ಹಿಡಿದು ಮಾತಾಡುವಾಗ ಒಂದು ಗಳಿಗೆ ತಡವರಿಸಿದರೆ ಸಾಕು, ಎದ್ದು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಮುಂದೆ ಬಂದು, "ಇವರು ಹೇಳಾಕತ್ತಿದ್ದು ಏನಂದ್ರ" ಎಂದು ಕೈ ಚಾಚುತ್ತಾರೆ. ಆ ಕೈಗೆ ಮೈಕ್ ಕೊಡದವರು ನಮ್ಮ ಸಂಘದಲ್ಲಿ ಯಾರೂ ಇರಲಿಲ್ಲ.

ಹೋಗುವ ಮುಂಚೆ ಒಂದು ಸಲ ಅಭ್ಯಾಸ ಆಗಲಿ ಎಂದು ಸಾಹೇಬರೇ ಬಸವಕಲ್ಯಾಣದಲ್ಲಿ ಸಭೆ ಇಟ್ಟರು. ಸುತ್ತಲಿನ ಸಂಘದವರು, ಕೆಲವು ಅಧಿಕಾರಿಗಳು ಬಂದಿದ್ದರು. ನಾನು ಹಾಳೆಗಳಲ್ಲಿ ಬರೆದುಕೊಂಡು ಹೋಗಿದ್ದೆ. ತಲೆಯ ಮೇಲಿನ ಫ್ಯಾನಿಗೆ ನನ್ನ ಮೇಲೆ ಅದೇನು ಸಿಟ್ಟಿತ್ತೋ, ಹಾಳೆಗಳನ್ನು ಎತ್ತಿ ಮುಂದಿನ ಸಾಲಿನವರ ಮಡಿಲಿಗೆ ಹಾಕಿತು. ಹಿಂದೆ ಗೋಡೆಯ ಮೇಲೆ ಬೀಸುಕಲ್ಲಿನ ಚಿತ್ರ, ಕೈಯಲ್ಲಿ ಉಳಿದದ್ದು ಕಾಳು ಒಣಗಿಸುವ ಮಾತಿನ ಹಾಳೆ. ನಾನು ತಡವರಿಸಿ ನಿಂತೆ. ಸಾಹೇಬರು ಎದ್ದರು, ಗುಂಡಿ ಹಾಕಿದರು.

"ಇರ್ರಿ ಸುಜಾತಾಬಾಯಿ, ನಾ ಹೇಳ್ತೀನಿ. ಇವರು ಹೇಳಾಕತ್ತಿದ್ದು ಏನಂದ್ರ, ಈ ಹೆಣ್ಮಕ್ಕಳಿಗಿ ನಾವು ಬೇಳೆ ಮಾಡೂದು ಕಲಿಸೀವಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕಿವಿ ಕಾದ ಹಂಚಿನಷ್ಟು ಬಿಸಿಯಾಯಿತು. ನಮಗೆ ಬೇಳೆ ಮಾಡುವುದನ್ನು ಯಾರೂ ಕಲಿಸಿರಲಿಲ್ಲ. ನನ್ನ ಮನೆಯ ಬೀಸುಕಲ್ಲು ನನ್ನ ಅಜ್ಜಿಯ ಅತ್ತೆಯದು.

ತಿರುಗಿ ಬರುವಾಗ ಬಸ್ಸಿನಲ್ಲಿ ನಮ್ಮ ಸಂಘದ ಹಿರಿಯಳು ಶಾಂತಕಾಕಿ ನನ್ನ ಪಕ್ಕದಲ್ಲಿ ಕೂತಿದ್ದಳು. ಬಸ್ಸು ಊರು ದಾಟಿದ ಮೇಲೆ ಕೇಳಿದಳು: "ಯವ್ವಾ, ನಮ್ಮ ಕಲ್ಲಿಗಿ ಭೀ ಇವರೇ ತರಬೇತಿ ಕೊಟ್ಟಾರೇನು?"

ಹಿಂದಿನ ಸೀಟಿನಲ್ಲಿದ್ದ ನಮ್ಮವರೆಲ್ಲ ನಕ್ಕರು. ಕಾಕಿ ನಗಲಿಲ್ಲ.

"ಅಲ್ಲಿ ಹೋಗಿ ಭೀ ಮೈಕ್ ಕೊಟ್ಟಿ ಅಂದ್ರ ನಮ್ಮ ಮಾತು ಅಲ್ಲಿ ಭೀ ಹೋತು ನೋಡು. ಇಲ್ಲಿ ಹೋಗ್ಯದ, ಹೋಗಲಿ. ಅಲ್ಲಿ ಹೋಗಬಾರದು."

"ಕೊಡಂಗಿಲ್ಲ ಕಾಕಿ," ಎಂದೆ. ಹೇಳುವಾಗ ಧೈರ್ಯವೇನೂ ಇರಲಿಲ್ಲ, ಸಿಟ್ಟು ಮಾತ್ರ ಇತ್ತು. ಆದರೆ ಒಮ್ಮೆ ಬಸ್ಸಿನಲ್ಲಿ ಎಲ್ಲರೆದುರು ಹೇಳಿದ ಮೇಲೆ ಅದು ನನ್ನ ಕೈಯಲ್ಲಿ ಉಳಿಯುವ ಮಾತೂ ಅಲ್ಲ.

ಹುಮನಾಬಾದ

ಹುಮನಾಬಾದಿನಲ್ಲಿ ರೆಹಾನಾ ಒಂದು ಕಂಪ್ಯೂಟರ್ ಕ್ಲಾಸು ನಡೆಸುತ್ತಾಳೆ. ನಮ್ಮ ಸಂಘದ ಚೀಟಿಗಳನ್ನೂ ಬೇಳೆ ಚೀಲದ ಮೇಲಿನ ಅಕ್ಷರಗಳನ್ನೂ ಮಾಡಿಕೊಟ್ಟವಳು ಅವಳೇ. ಹಾಳೆ ಹಾರಿಹೋದ ಕಥೆ ಕೇಳಿ ಅವಳು ಹಣೆ ಬಡಿದುಕೊಂಡಳು.

"ಅಕ್ಕಾ, ಹಾಳಿ ಬಿಡ್ರಿ ನೀವು. ಕಂಪ್ಯೂಟರಿಗಿ ಎರಡು ಪರದಾ ಹಚ್ಚಬಹುದು. ದೊಡ್ಡದು ಮಂದಿಗಿ, ಅದರಾಗ ಬರೇ ಚಿತ್ರ. ಸಣ್ಣದು ನಿಮ್ಮ ಮುಂದ. ಅದರಾಗ ಚಿತ್ರ ಭೀ ಇರ್ತದ, ಮುಂದಿನ ಚಿತ್ರ ಯಾವುದು ಅಂತ ಭೀ ಕಾಣ್ತದ, ಬಾಜೂಕ ನೀವು ಬರಕೊಂಡಿದ್ದು ಇರ್ತದ. ಅದು ನಿಮಗಷ್ಟೇ. ಮಂದಿಗಿ ಕಾಣಂಗಿಲ್ಲ."

"ಖರೇ ಕಾಣಂಗಿಲ್ಲ?"

"ಬಿಲಕುಲ್ ಕಾಣಂಗಿಲ್ಲ. ಏನು ಬೇಕಾದ್ದು ಬರಕೋರಿ."

ನನಗೆ ಆ ಮಾತು ಬಹಳ ಹಿಡಿಸಿತು. ಎದುರಿಗೆ ಸಾವಿರ ಮಂದಿ ಕೂತಿರಲಿ, ನನಗೊಂದು ಗುಟ್ಟಿನ ಪರದೆ. ಅಂದಿನಿಂದ ದಿನಾ ಮಧ್ಯಾಹ್ನ ಅವಳ ಕ್ಲಾಸಿಗೆ ಹೋಗತೊಡಗಿದೆ. ನನಗೆ ಇಂಗ್ಲಿಷ್ ಕೇಳಿದರೆ ಅರ್ಧ ತಿಳಿಯುತ್ತದೆ, ಓದಲು ಹೋದರೆ ನಾಲಿಗೆ ಕಟ್ಟುತ್ತದೆ. ಅದಕ್ಕೆ ಇಂಗ್ಲಿಷ್ ಮಾತನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಂಡೆವು: "ಮೈ ನೇಮ್ ಈಸ್ ಸುಜಾತಾ. ಐ ಕಮ್ ಫ್ರಮ್ ದುಬಲಗುಂಡಿ. ವಿ ಮೇಕ್ ದಾಲ್." ನಡುನಡುವೆ ನನಗೆ ನಾನೇ ಹೇಳಿಕೊಳ್ಳುವ ಬುದ್ಧಿಮಾತುಗಳನ್ನೂ ಸೇರಿಸಿದೆ. ಇಲ್ಲಿ ನೀರು ಕುಡಿ. ಇಲ್ಲಿ ಜರಾ ನಗು. ಸೆರಗು ಜಗ್ಗಬ್ಯಾಡ. ಯಾರಿಗೂ ಕಾಣುವುದಿಲ್ಲ ಎಂದ ಮೇಲೆ ಇನ್ನೇನು, ಸಾಹೇಬರ ಬಗ್ಗೆಯೂ ಬರೆದುಕೊಂಡೆ. ರೆಹಾನಾ ಅದನ್ನು ಟೈಪು ಮಾಡುತ್ತ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಳು.

ಪರದೆ ಜೋಡಿಸುವ ಕೆಲಸವನ್ನು ಅವಳು ಬಾಯಿಪಾಠ ಮಾಡಿಸಿದಳು. ಕಿಟಕಿಯ ಚಿತ್ರವಿರುವ ಬಟನ್ ಹಿಡಿದು ಪಿ ಒತ್ತಬೇಕು. ಕೆಲವು ಸಾಲು ಬರುತ್ತವೆ. ಡೂಪ್ಲಿಕೇಟ್ ಎಂದಿರುವುದನ್ನು ಮುಟ್ಟಬಾರದು, ಎಕ್ಸ್‌ಟೆಂಡ್ ಎಂದಿರುವುದನ್ನು ಒತ್ತಬೇಕು. ನಾನು ನನಗೆ ತಿಳಿದ ಹಾಗೆ ನೆನಪಿಟ್ಟುಕೊಂಡೆ. ಮೊದಲನೆಯದೆಂದರೆ ಒಂದೇ ಮಾತು ಎರಡು ಬಾಯಲ್ಲಿ. ಎರಡನೆಯದೆಂದರೆ ಮನೆಗೆ ಇನ್ನೊಂದು ಕೋಣೆ.

ಈ ನಡುವೆ ಒಂದು ಎಡವಟ್ಟಾಯಿತು. ಓಣಿಯ ಬುದ್ಧ ವಿಹಾರದಲ್ಲಿ ನಮ್ಮ ಸಂಘ ಸೇರುತ್ತದೆ. ಅಲ್ಲಿ ಎಲ್ಲರೂ ಕೂತಿದ್ದಾಗ ಸಾಹೇಬರ ಫೋನು ಬಂತು: "ಮಲಾವಿಯವರು ಕೇಳ್ಯಾರ, ಎರಡನೇ ಪರದಾ ನೀವೇ ತರ್ತೀರೋ, ಅವರು ಇಡಬೇಕೋ?" ನಮ್ಮವರು ಮಾತು ಮುಗಿಯುವ ಮೊದಲೇ ಎದ್ದರು. ವಿಹಾರದ ಗೋಡೆ ನೀಲಿ. ಚಿತ್ರ ಕಾಣಲಿ ಎಂದು ಅಲ್ಲಿ ಬಿಳಿ ಧೋತರ ಕಟ್ಟಿ ಅಭ್ಯಾಸ ಮಾಡಿದ್ದೆವು. ಪರದಾ ಎಂದರೆ ಅದೇ ಅಲ್ಲವೇ? ಮರುದಿನ ಶಾಂತಕಾಕಿಯ ಮುಂದಾಳತ್ವದಲ್ಲಿ ಎರಡು ಹೊಸ ಧೋತರ ಕೂಡಿಸಿ, ನಾಲ್ಕು ಮೂಲೆಗೂ ಹಗ್ಗದ ಕುಣಿಕೆ ಹೊಲಿದು, ಇಸ್ತ್ರಿ ಮಾಡಿದ ಪರದೆ ನನ್ನ ಮನೆಗೆ ಬಂತು.

"ಕಾಕಿ, ಅವರು ಹೇಳಿದ್ದು ಈ ಪರದಾ ಅಲ್ಲ, ಕಂಪ್ಯೂಟರಿಂದು."

"ಇರಲಿ ತಗೋ. ಮಂದಿ ಬಾಯಿ ಬಿಟ್ಟು ಕೇಳ್ಯಾರ. ಬರಿಗೈಲೆ ಹ್ಯಾಂಗ ಹೋಗ್ತಿ?"

ನಾನು ಬಾಯಿ ಮುಚ್ಚಿಕೊಂಡು ಪೆಟ್ಟಿಗೆಗೆ ಹಾಕಿಕೊಂಡೆ. ಆ ಹೊಲಿಗೆ ಅಷ್ಟು ನೀಟಾಗಿತ್ತು.

ಹಾದಿ

ಹೊರಟ ದಿನ ಹೈದರಾಬಾದಿನ ಬಸ್ಸು ಮನ್ನಾಏಖೇಳ್ಳಿಯಲ್ಲಿ ನಿಂತಾಗ ಸಾಹೇಬರು ಇಳಿದು ಚಹಾ ತಂದುಕೊಟ್ಟರು. ಅವರ ಕೋಟು ಪ್ಲಾಸ್ಟಿಕ್ ಹೊದಿಕೆಯಲ್ಲಿ, ಮೇಲಿನ ಕಂಬಿಗೆ ತೂಗಾಡುತ್ತಿತ್ತು. ವಿಮಾನದಲ್ಲಿ ಕಿಟಕಿಯ ಪಕ್ಕದ ಸೀಟು ನನಗೇ ಬಿಟ್ಟುಕೊಟ್ಟರು. ಬೆಲ್ಟು ಹಾಕಿಕೊಳ್ಳಲು ಬರದೆ ನಾನು ಗಂಟು ಕಟ್ಟಲು ನೋಡಿದಾಗ ನಗದೆ ತೋರಿಸಿಕೊಟ್ಟರು. ಊಟದ ತಟ್ಟೆಯಲ್ಲಿ ಬಂದ ಪುಟ್ಟ ಬೆಣ್ಣೆಯ ಪೊಟ್ಟಣವನ್ನು ನಾನು ಮಿಠಾಯಿ ಎಂದು ಬಾಯಿಗೆ ಹಾಕಿಕೊಂಡದ್ದನ್ನೂ ನೋಡದವರ ಹಾಗೆ ಇದ್ದರು. ಇಷ್ಟು ಒಳ್ಳೆಯವರ ಮೇಲೆ ಸಿಟ್ಟು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ನಾನು ಅಂದುಕೊಳ್ಳುತ್ತಿರುವಾಗಲೇ ಅವರು ನನ್ನ ಕಷ್ಟವನ್ನು ಪರಿಹರಿಸಿದರು.

"ಫಿಕರ್ ಮಾಡಬ್ಯಾಡ್ರಿ ಸುಜಾತಾಬಾಯಿ. ಎಲ್ಲಿ ಅಟಕಿತು ಅನ್ನಸ್ತದ, ಜರಾ ನನ್ನ ಕಡಿ ನೋಡ್ರಿ. ನಾ ಎದ್ದು ಸಂಭಾಳಿಸ್ತೀನಿ."

"ಅಟಕಂಗಿಲ್ರಿ," ಎಂದೆ.

"ಆದ್ರ ಭೀ."

ಆ "ಆದ್ರ ಭೀ" ನನ್ನೊಂದಿಗೆ ಮಲಾವಿಯವರೆಗೂ ಬಂತು. ನಡುವೆ ಇನ್ನೊಂದು ದೇಶದ ನಿಲ್ದಾಣದಲ್ಲಿ ವಿಮಾನ ಬದಲಿಸುವಾಗ ಬೆಂಚಿನ ಮೇಲೆ ಕೂತು, ಕಣ್ಣು ಮುಚ್ಚಿ, ಎಲ್ಲ ಚಿತ್ರಗಳ ಮಾತನ್ನೂ ಒಮ್ಮೆ ಹೇಳಿಕೊಂಡೆ. ಒಂದು ಪದ ಮಾತ್ರ ಪ್ರತಿ ಸಲವೂ ಕೈ ಕೊಡುತ್ತಿತ್ತು. ಸಿಪ್ಪೆ ತೆಗೆಯುವುದಕ್ಕೆ ಇಂಗ್ಲಿಷಿನಲ್ಲಿ ಡಿಹಸ್ಕಿಂಗ್ ಎನ್ನುತ್ತಾರೆ. ಅದು ನನ್ನ ಬಾಯಲ್ಲಿ ಡಿಸ್ಕಿಂಗ್, ಡಿಕ್ಸಿಂಗ್, ಏನೇನೋ ಆಗುತ್ತದೆ.

ಬ್ಲಾಂಟೈರ್ ಎಂಬುದು ನಾವಿಳಿದ ಊರು. ನಿಲ್ದಾಣದಲ್ಲಿ ತಪಾಸಣೆಯ ಹೆಣ್ಣುಮಗಳು ನನ್ನ ಪೆಟ್ಟಿಗೆ ತೆಗೆಸಿ, ಧೋತರದ ಪರದೆಯನ್ನು ಬಿಚ್ಚುತ್ತ ಹೋದಳು. ಅದು ಮುಗಿಯಲೇ ಇಲ್ಲ. ಮೇಜು ತುಂಬಿ ನೆಲಕ್ಕೆ ಇಳಿಯಿತು. ಇದೇನು ಎಂದು ಕೇಳಿದಳು. ಪರದೇಶದ ನೆಲದಲ್ಲಿ ನಾನು ಆಡಿದ ಮೊದಲ ಇಂಗ್ಲಿಷ್ ಮಾತು ಇದು: "ಸೆಕೆಂಡ್ ಡಿಸ್‌ಪ್ಲೇ."

ಅವಳು ಬಟ್ಟೆ ನೋಡಿದಳು, ನನ್ನನ್ನು ನೋಡಿದಳು, ಕೊನೆಗೆ ಸಾಹೇಬರನ್ನು ನೋಡಿದಳು. ಸಾಹೇಬರು ಸೂರು ನೋಡಿದರು. ಅವಳು ಬಹಳ ಗೌರವದಿಂದ ಅದನ್ನು ಮಡಚಿ ಕೊಟ್ಟಳು. ನಮ್ಮ ಗೆಸ್ಟ್ ಹೌಸಿನ ಕಿಟಕಿಗೆ ಪರದೆ ಇರಲಿಲ್ಲ, ಅಲ್ಲಿ ಕಟ್ಟಿದೆ. ಅಳತೆ ಮಾಡಿ ಹೊಲಿದಂತೆ ಕೂತಿತು.

ಬ್ಲಾಂಟೈರ್, ಮೊದಲ ಬೆಳಿಗ್ಗೆ

ಬೆಳಿಗ್ಗೆ ನಾನಿನ್ನೂ ಜಡೆ ಹಾಕಿಕೊಳ್ಳುತ್ತಿದ್ದೆ. ಬಾಗಿಲ ಹೊರಗೆ ಒಂದು ಹೆಣ್ಣು ದನಿ ಜೋರಾಗಿ ಕೂಗಿತು: "ಓಡಿ! ಓಡಿ!"

ಹೇಳಿದ್ದು ಕನ್ನಡ. ಸ್ಪಷ್ಟ ಕನ್ನಡ. ಬೆಂಕಿಯೋ ಭೂಕಂಪವೋ ಎಂದು ನಾನು ಲ್ಯಾಪ್‌ಟಾಪಿನ ಚೀಲ ಬಗಲಿಗೆ ಹಾಕಿಕೊಂಡು, ಅರ್ಧ ಜಡೆಯಲ್ಲಿ, ಬರಿಗಾಲಲ್ಲಿ ಹೊರಗೆ ಓಡಿದೆ. ಬಾಗಿಲಲ್ಲಿ ಬಿಸಿನೀರಿನ ಬಕೆಟ್ ಹಿಡಿದು ನಿಂತಿದ್ದ ಅಡುಗೆಯಾಕೆಗೆ ಡಿಕ್ಕಿ ಹೊಡೆದು, ಅಂಗಳ ದಾಟಿ, ಗೇಟಿನ ಹತ್ತಿರ ಹೋಗಿ ನಿಂತೆ. ಹಿಂದೆ ತಿರುಗಿ ನೋಡಿದರೆ ನಾನೊಬ್ಬಳೇ ಓಡಿದ್ದು.

ಆಮೇಲೆ ತಿಳಿಯಿತು, ಅಲ್ಲಿ ಯಾರ ಮನೆಯ ಬಾಗಿಲಿಗೆ ಹೋದರೂ ಬಾಗಿಲು ಬಡಿಯುವ ಬದಲು "ಓಡಿ" ಎನ್ನುತ್ತಾರೆ. ಒಳಗೆ ಬರಲೇ ಎಂದರ್ಥ. ಒಳಗಿದ್ದವರು "ಓಡಿನಿ" ಎಂದರೆ ಬನ್ನಿ ಎಂದು. ನನಗೆ ಇದು ಬಹಳ ಚಂದ ಕಂಡಿತು. ನಮ್ಮಲ್ಲಿ "ಮನ್ಯಾಗ ಯಾರಿದ್ದೀರಿ?" ಎಂದು ಅಂಗಳದಲ್ಲಿ ನಿಂತು ಕೂಗುತ್ತೇವಲ್ಲ, ಹಾಗೆ. ಕೇಳಿಯೇ ಒಳಗೆ ಕಾಲಿಡುವುದು. ಅಡುಗೆಯಾಕೆ ಮಾತ್ರ ನಾವಿರುವಷ್ಟು ದಿನವೂ ನನ್ನ ಬಾಗಿಲಿಗೆ ಬಂದಾಗ ಎರಡು ಹೆಜ್ಜೆ ಹಿಂದೆ ಸರಿದು ನಿಂತು ಓಡಿ ಎನ್ನುತ್ತಿದ್ದಳು.

ಚಿರಾಡ್ಝುಲು

ಸಮ್ಮೇಳನದ ಹಿಂದಿನ ದಿನ ನಮ್ಮನ್ನು ಚಿರಾಡ್ಝುಲು ಎಂಬ ಕಡೆಯ ಒಂದು ಹಳ್ಳಿಗೆ ಕರೆದೊಯ್ದರು. ಕರೆದೊಯ್ದವಳು ಎಸ್ನಾತ್, ಅಲ್ಲಿಯ ಶಾಲೆಯೊಂದರ ಮಾಸ್ತರಿಣಿ, ಮರುದಿನದ ನನ್ನ ಗೋಷ್ಠಿಗೆ ಅವಳೇ ಅಧ್ಯಕ್ಷೆ. ಎತ್ತರದ ಗಟ್ಟಿ ಹೆಂಗಸು. ಸೊಂಟಕ್ಕೆ ಬಣ್ಣದ ಬಟ್ಟೆ ಸುತ್ತಿಕೊಂಡಿದ್ದಳು. ಅದಕ್ಕೆ ಚಿತೆಂಜೆ ಎನ್ನುತ್ತಾರೆ. ಅದರಲ್ಲೇ ಕೂಸು ಕಟ್ಟುತ್ತಾರೆ, ಅದರಲ್ಲೇ ಸೌದೆ ಹೊರುತ್ತಾರೆ, ಅದನ್ನೇ ಹಾಸಿ ಕೂರುತ್ತಾರೆ. ನನ್ನ ಸೆರಗಿನ ಅಕ್ಕ ಎಂದುಕೊಂಡೆ.

ರಸ್ತೆಯ ಎರಡೂ ಕಡೆ ಮೆಕ್ಕೆಜೋಳ, ನಡುವೆ ತೊಗರಿ. ಮಣ್ಣು ನಮ್ಮ ಬೀದರ ಸೀಮೆಯ ಕೆಮ್ಮಣ್ಣಿನ ಹಾಗೆಯೇ ಕೆಂಪು. ನಾನು ಗಾಡಿ ನಿಲ್ಲಿಸಲು ಹೇಳಿ ಇಳಿದು ಒಂದು ಹಿಡಿ ಎತ್ತಿ ಬೆರಳಲ್ಲಿ ತಿಕ್ಕಿ ನೋಡಿದೆ. ಇದನ್ನೇ ಕಾಳಿಗೆ ಹಚ್ಚಬಹುದು. ಮನಸ್ಸಿಗೆ ಎಷ್ಟು ಸಮಾಧಾನವಾಯಿತೆಂದರೆ, ಅಲ್ಲಿಯವರೆಗೆ ನಾನು ಹೆದರಿದ್ದೆ ಎಂಬುದು ಆಗಲೇ ಗೊತ್ತಾಯಿತು.

ಊಟಕ್ಕೆ ಮೊದಲು ಒಬ್ಬಾಕೆ ತಂಬಿಗೆಯಂಥ ಪಾತ್ರೆ, ಬೋಗುಣಿ ತಂದು, ನನ್ನ ಮುಂದೆ ಮೊಣಕಾಲೂರಿ ಕೂತು ಕೈಗೆ ನೀರು ಹಾಕಿದಳು. ನಮ್ಮಲ್ಲಿಯೂ ಬಂದವರ ಕೈಗೆ ನೀರು ಹಾಕುತ್ತೇವೆ, ಆದರೆ ಮೊಣಕಾಲೂರುವುದಿಲ್ಲ. ನನಗಿಂತ ಹಿರಿಯಳು ಹಾಗೆ ಕೂತದ್ದು ನನ್ನಿಂದ ನೋಡಲಾಗದೆ ನಾನೂ ಮೊಣಕಾಲೂರಿದೆ. ಇಬ್ಬರೂ ನೆಲದ ಮೇಲೆ ಎದುರುಬದುರು ಕೂತು, ಯಾರು ಮೊದಲು ಏಳಬೇಕು ತಿಳಿಯದೆ ನಗತೊಡಗಿದೆವು. ಊಟಕ್ಕೆ ಎನ್ಸಿಮಾ ಎಂಬ ಮೆಕ್ಕೆಜೋಳದ ಬಿಳಿ ಮುದ್ದೆ. ಅದರೊಂದಿಗೆ ಇಡಿ ತೊಗರಿ ಕಾಳಿನ ಪಲ್ಯ. ತೊಗರಿಗೆ ಅವರು ನಂದೋಲೊ ಎನ್ನುತ್ತಾರೆ. ಸಿಪ್ಪೆ ಹಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು. ಖಾರವಿಲ್ಲ. ನಾನು ಕೈಚೀಲದಿಂದ ಶೇಂಗಾ ಹಿಂಡಿಯ ಚಟ್ನಿಪುಡಿ ತೆಗೆದು ಹಾಕಿಕೊಂಡೆ, ಪಕ್ಕದವಳಿಗೂ ಕೊಟ್ಟೆ. ಅವಳು ನಾಲಿಗೆ ಹೊರಗೆ ಹಾಕಿ ಗಾಳಿ ಬೀಸಿಕೊಂಡಳು, ಆಮೇಲೆ ಮತ್ತೆ ಕೈಚಾಚಿದಳು.

ಊಟದ ನಂತರ ಮಾವಿನ ಮರದ ಕೆಳಗೆ ಎಲ್ಲರೂ ಕೂತರು. ಒಬ್ಬ ಮುದುಕಿ ಎದ್ದು ಮಾತಾಡಿದಳು. ಬಹಳ ನಿಧಾನ. ನಡುವೆ ಮರೆತು ನಿಂತಳು. ಆಕಾಶ ನೋಡಿದಳು, ಮೂಗು ಒರೆಸಿಕೊಂಡಳು. ಗಂಡಸರು, ಹೆಂಗಸರು, ಊರ ಹಿರಿಯ, ಯಾರೂ ಮಿಸುಕಲಿಲ್ಲ. ಅವಳಿಗೆ ನೆನಪು ಬಂತು, ಮುಂದುವರಿಸಿದಳು, ಮುಗಿಸಿದಳು. ಆಗ ಎಲ್ಲರೂ ಅಂಗೈ ಗುಳಿ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿದರು. ನಾನು ಪಕ್ಕಕ್ಕೆ ನೋಡಿದೆ. ಸಾಹೇಬರ ಬಲಗೈ ಕೋಟಿನ ಗುಂಡಿಯ ಮೇಲಿತ್ತು. ಮುದುಕಿಗೂ ಸಹಾಯ ಮಾಡಲು ಹೊರಟಿದ್ದರು, ಪಾಪ.

ಸಭಾಂಗಣ

ಸಮ್ಮೇಳನ ಬ್ಲಾಂಟೈರಿನ ಒಂದು ದೊಡ್ಡ ಹಾಲಿನಲ್ಲಿ. ಹಳ್ಳಿಹಳ್ಳಿಯಿಂದ ಹೆಂಗಸರು ಬಂದಿದ್ದರು. ಬಣ್ಣದ ಚಿತೆಂಜೆಗಳಿಂದ ಸಭಾಂಗಣ ತುಂಬಿಹೋಗಿತ್ತು. ಹಿಂದಿನ ದಿನ ಮಾವಿನ ಮರದ ಕೆಳಗೆ ಮಾತಾಡಿದ ಮುದುಕಿಯೂ ಬಂದು ಮೊದಲ ಸಾಲಿನಲ್ಲೇ ಕೂತಿದ್ದಳು. ಅವಳಿಂದ ಸ್ವಲ್ಪ ದೂರ, ಅದೇ ಸಾಲಿನಲ್ಲಿ ಸಾಹೇಬರು.

ಮೊದಲ ತೊಂದರೆ ವೈರಿನದು. ನಮ್ಮ ಲ್ಯಾಪ್‌ಟಾಪಿನ ತೂತಿಗೂ ಅವರ ವೈರಿಗೂ ಜೋಡಿ ಆಗಲಿಲ್ಲ. ಎಸ್ನಾತ್ ನನ್ನ ಚಿತ್ರಗಳನ್ನು ಪೆನ್ ಡ್ರೈವಿನಿಂದ ಹಾಲಿನ ಕಂಪ್ಯೂಟರಿಗೆ ಹಾಕಿಕೊಂಡಳು. ನಾನು ಯಾರಿಗೂ ಬಿಡದೆ ಮುಂದೆ ಹೋಗಿ, ಕಿಟಕಿಯ ಬಟನ್ ಹಿಡಿದು ಪಿ ಒತ್ತಿ, ಎಕ್ಸ್‌ಟೆಂಡ್ ಆರಿಸಿದೆ. ರೆಹಾನಾ ನೋಡಿದ್ದರೆ ಬೆನ್ನು ತಟ್ಟುತ್ತಿದ್ದಳು. ಚಿತ್ರ ಶುರು ಮಾಡಿ, ವೈರಿಲ್ಲದ ಮೈಕ್ ಕೈಗೆ ತೆಗೆದುಕೊಂಡು, ಜನರ ಕಡೆ ತಿರುಗಿ ನಿಂತೆ.

ಜನರು ನನ್ನನ್ನು ನೋಡುತ್ತಿರಲಿಲ್ಲ. ನನ್ನ ತಲೆಯ ಮೇಲೆ ನೋಡುತ್ತಿದ್ದರು.

ನಾನು ಎದುರಿನ ಕಂಪ್ಯೂಟರ್ ನೋಡಿದೆ. ಅದರ ತುಂಬ ತೊಗರಿ ಹೊಲದ ಚಿತ್ರ, ಒಂದು ಅಕ್ಷರವೂ ಇಲ್ಲ. ತಿರುಗಿ ಗೋಡೆ ನೋಡಿದೆ. ಹೊಲದ ಚಿತ್ರ ಗೋಡೆಯಲ್ಲಿ ಸಣ್ಣದಾಗಿ ಒಂದು ಕಡೆ ಕೂತಿತ್ತು. ಉಳಿದ ಗೋಡೆಯ ತುಂಬ, ಮೊಳದುದ್ದದ ಕನ್ನಡ ಅಕ್ಷರದಲ್ಲಿ: "ಮೈ ನೇಮ್ ಈಸ್ ಸುಜಾತಾ. (ಸೆರಗು ಜಗ್ಗಬ್ಯಾಡ.)"

ಎರಡೂ ಪರದೆಗಳು ಅದಲುಬದಲಾಗಿದ್ದವು. ಆ ಹಾಲಿನ ಕಂಪ್ಯೂಟರಿಗೆ ಗೋಡೆಯೇ ಮೊದಲನೆಯ ಪರದೆಯಂತೆ. ಅದನ್ನು ತಿರುಗಿಸಲು ಮೇಲ್ಗಡೆ ಒಂದೇ ಒಂದು ಬಟನ್ ಇತ್ತೆಂದು ರೆಹಾನಾ ಆಮೇಲೆ ಹೇಳಿದಳು. ಅಲ್ಲಿ ಯಾರಿಗೂ ಅದು ಹೊಳೆಯಲಿಲ್ಲ, ನನಗಂತೂ ಹೊಳೆಯಲೇ ಇಲ್ಲ. ಜನರ ಕಡೆ ಮುಖ ಮಾಡಿದರೆ ಮಾತು ಬೆನ್ನ ಹಿಂದೆ. ಮಾತು ಓದಿದರೆ ಕೂತವರಿಗೆಲ್ಲ ಬೆನ್ನು. ಹಿರಿಯರು ಕೂತ ಸಭೆಗೆ ಬೆನ್ನು ತಿರುಗಿಸಿ ಮಾತಾಡುವುದು ನಮ್ಮ ಕಡೆ ಎಂದೂ ನಡೆಯದ ಕೆಲಸ. ಸಾಹೇಬರ ಕಡೆ ನೋಡಲಿಲ್ಲ. ನೋಡಿದರೆ ಏಳುತ್ತಾರೆ.

ಏನಾದರಾಗಲಿ, ಮೈಕ್ ನನ್ನ ಕೈಯಲ್ಲಿದೆ ಎಂದುಕೊಂಡೆ. ವೇದಿಕೆ ಇಳಿದೆ. ನೇರ ನಡೆದು ಹೋಗಿ ಮೊದಲ ಸಾಲಿನಲ್ಲಿ ಮುದುಕಿಯ ಪಕ್ಕ ನಿಂತೆ. ಅವಳು ಏನೂ ಕೇಳದೆ ಸರಿದು ಜಾಗ ಕೊಟ್ಟಳು. ಅಲ್ಲಿ ಕೂತು, ಅವರೆಲ್ಲರ ಹಾಗೆ ನಾನೂ ಗೋಡೆಗೆ ಮುಖ ಮಾಡಿ, ಮೈಕ್ ಬಾಯಿಗೆ ಹಿಡಿದೆ. "ಮೈ ನೇಮ್ ಈಸ್ ಸುಜಾತಾ."

ಎಸ್ನಾತ್ ಬುದ್ಧಿವಂತೆ. ತಕ್ಷಣ ಕಂಪ್ಯೂಟರಿನ ಬಳಿ ನಿಂತಳು. ನಾನು ಕೈ ಎತ್ತಿದಾಗ ಮುಂದಿನ ಚಿತ್ರ ಒತ್ತಿದಳು. ನಾನು ಹೇಳಿದ್ದನ್ನು ಅವರ ಭಾಷೆಯಲ್ಲಿ ಹೇಳಿದಳು. ಗೋಡೆಯ ಮೇಲಿನ ಗುಂಡು ಗುಂಡು ಅಕ್ಷರಗಳನ್ನು ಹೆಂಗಸರು ರಂಗೋಲಿ ನೋಡಿದ ಹಾಗೆ ನೋಡುತ್ತಿದ್ದರು. ಚಿತ್ರ ಸಣ್ಣದಾಗಿ ಕಂಡದ್ದರಿಂದ ಹಿಂದಿನ ಸಾಲಿನವರು ಎದ್ದು ಬಂದು ನೆಲದ ಮೇಲೆ, ನನ್ನ ಸುತ್ತ ಕೂತರು. ಊರಿನ ವಿಹಾರದಲ್ಲಿ ಸಂಘ ಕೂತ ಹಾಗೆಯೇ ಆಯಿತು. ನೀರು ಕುಡಿ ಎಂದಲ್ಲಿ ನೀರು ಕುಡಿದೆ. ನಗು ಎಂದಲ್ಲಿ ನಗುವ ಅಗತ್ಯ ಬೀಳಲಿಲ್ಲ, ಮೊದಲೇ ನಗುತ್ತಿದ್ದೆ.

ಬೀಸುಕಲ್ಲಿನ ಚಿತ್ರ ಬಂತು. ಅದರೊಂದಿಗೆ ಆ ಕೈ ಕೊಡುವ ಪದವೂ ಬಂತು. "ನೌ ಡಿಸ್... ಡಿಕ್..." ನಾಲಿಗೆ ಕಟ್ಟಿತು. ಮತ್ತೊಮ್ಮೆ ಪ್ರಯತ್ನಿಸಿದೆ. ಅಲ್ಲಿಯವರಿಗೆ ಆ ತಡೆ ದೊಡ್ಡದಲ್ಲ, ಅವರು ಕಾಯುತ್ತಿದ್ದರು. ಆದರೆ ಸಾಹೇಬರಿಗೆ ಅಷ್ಟು ಸಾಕಾಗಿತ್ತು. ಅಲ್ಲಿಯವರೆಗೆ ಅವರು ಗೋಡೆಯನ್ನು ನೋಡಿರಲೇ ಇಲ್ಲ, ಎಲ್ಲಿ ಅಟಕುತ್ತೇನೋ ಎಂದು ನನ್ನ ಬಾಯನ್ನೇ ನೋಡುತ್ತಿದ್ದರು. ಈಗ ಎದ್ದರು. ಗುಂಡಿ ಹಾಕಿದರು. ಕೈ ಚಾಚುತ್ತ, ಯಾವ ಚಿತ್ರಕ್ಕೆ ಬಂದಿದ್ದೇನೆ ನೋಡೋಣ ಎಂದು ಗೋಡೆಯ ಕಡೆ ತಲೆ ಎತ್ತಿದರು.

ಗೋಡೆಯ ಮೇಲೆ, ಆ ಇಡೀ ಹಾಲಿನಲ್ಲಿ ನಮ್ಮಿಬ್ಬರಿಗೆ ಮಾತ್ರ ಓದಲು ಬರುವ ಅಕ್ಷರದಲ್ಲಿ ಹೀಗಿತ್ತು: "ಇಲ್ಲಿ ತಡವರಿಸ್ತಿ. ಸಾಹೇಬ್ರು ಏಳತಾರ. ಮೈಕ್ ಕೊಡಬ್ಯಾಡ. ಮುಂದ ಹೇಳು."

ಅವರ ಕೈ ಗಾಳಿಯಲ್ಲೇ ನಿಂತಿತು. ಒಮ್ಮೆ ಓದಿದರು. ಇನ್ನೊಮ್ಮೆ ಓದಿದರೆಂದು ಕಾಣುತ್ತದೆ. ನನಗೆ ಆ ಕ್ಷಣ ನೆಲ ಬಾಯಿ ಬಿಡಬಾರದೇ ಎನಿಸಿತು. ವಿಮಾನದಲ್ಲಿ ಕಿಟಕಿ ಬಿಟ್ಟುಕೊಟ್ಟವರು, ಮನ್ನಾಏಖೇಳ್ಳಿಯಲ್ಲಿ ಚಹಾ ತಂದವರು. ನಾಚಿಕೆಯೂ ಆಯಿತು, ಸಂಕಟವೂ ಆಯಿತು. ಆದರೂ ಮೈಕನ್ನು ಎರಡೂ ಕೈಯಿಂದ ಹಿಡಿದೇ ಇದ್ದೆ. ಬರೆದದ್ದು ಸುಳ್ಳಲ್ಲವಲ್ಲ. ಸಾಹೇಬರು ಕೈ ಕೆಳಗಿಳಿಸಿದರು. ಕೂತರು.

ನಾನು ಆ ಪದವನ್ನು ಬಿಟ್ಟುಕೊಟ್ಟೆ. ಎರಡು ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ಬೀಸುಕಲ್ಲು ತಿರುಗಿಸಿದ ಹಾಗೆ ತಿರುಗಿಸಿ, ಮೇಲಿನ ಕೈಯಿಂದ ಸಿಪ್ಪೆ ಊದಿ ತೋರಿಸಿದೆ. ಎಸ್ನಾತ್ ಒಂದೇ ಪದದಲ್ಲಿ ಹೇಳಿದಳು. ಎಲ್ಲರ ತಲೆಯೂ ಆಡಿತು. ಆಮೇಲೆ ನಾನು ಬಸವಕಲ್ಯಾಣದಲ್ಲಿ ಹೇಳಲಾಗದ ಮಾತನ್ನು ಹೇಳಿದೆ. "ನೋಬಡಿ ಟಾಟ್ ಅಸ್. ಅವರ್ ಮದರ್ಸ್ ಡಿಡ್. ವಿ ಡು."

ಪಕ್ಕದ ಮುದುಕಿ ಕೈ ಎತ್ತಿದಳು. ನಡುವೆ ಕೈ ಎತ್ತಿದ್ದಕ್ಕೆ ಕ್ಷಮೆ ಕೇಳಿ, ಎಸ್ನಾತಳಿಗೆ ಏನೋ ಹೇಳಿದಳು. ಹಾಲಿನ ತುಂಬ ಗುಜುಗುಜು ಎದ್ದಿತು. ಎಸ್ನಾತ್ ಕೆಮ್ಮಿ, ಸ್ವಲ್ಪ ಸಂಕೋಚದಿಂದ ಇಂಗ್ಲಿಷಿಗೆ ತಂದಳು. ಮುದುಕಿ ಕೇಳಿದ್ದು ಇಷ್ಟು: ನಿಮ್ಮ ಜೊತೆಗೆ ಬಂದ ಹಿರಿಯರು ಎದ್ದು ನಿಂತರು, ಗೋಡೆ ಓದಿದರು, ಕೂತರು. ಅಲ್ಲಿ ಏನು ಬರೆದಿದೆ?

ನನಗೆ ಪ್ರಶ್ನೆ ತಿಳಿಯಿತು. ಉತ್ತರ ಹೇಳಲು ಬೇಕಾದ ಇಂಗ್ಲಿಷ್ ನನ್ನಲ್ಲಿರಲಿಲ್ಲ. ಈ ಪ್ರಶ್ನೆಗೆ ರೆಹಾನಾ ಏನೂ ಬರೆದುಕೊಟ್ಟಿರಲಿಲ್ಲ. ಹೇಳಬಲ್ಲವರು ಒಬ್ಬರೇ. ನಾನು ಎದ್ದು ಹೋಗಿ ಸಾಹೇಬರ ಮುಂದೆ ಮೈಕ್ ಹಿಡಿದೆ. ಅವರು ಕೇಳದೆ ನಾನಾಗಿ ಕೊಟ್ಟದ್ದು ಅದೇ ಮೊದಲು.

"ನೀವೇ ಓದಿ ಹೇಳ್ರಿ ಸಾಹೇಬ್ರ."

ಅವರು ನನ್ನ ಮುಖ ನೋಡಿದರು. ಆ ಹಾಲಿನಲ್ಲಿ ಅವರು ಏನು ಹೇಳಿದರೂ ನಡೆಯುತ್ತಿತ್ತು. ಸಮಯ ಮುಗಿಯಿತು ಎಂದು ಬರೆದಿದೆ ಎನ್ನಬಹುದಿತ್ತು. ಎಲ್ಲರಿಗೂ ನಮಸ್ಕಾರ ಎಂದಿದೆ ಎನ್ನಬಹುದಿತ್ತು. ನನಗೆ ತಿಳಿದರೂ ನಾನು ಎದುರಾಡುವವಳಲ್ಲ. ಅವರು ಎದ್ದು ನಿಂತರು. ಕೋಟಿನ ಗುಂಡಿಗೆ ಕೈ ಹೋಗಲಿಲ್ಲ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಗೋಡೆ ನೋಡುತ್ತ, ಒಂದೊಂದೇ ಸಾಲನ್ನು ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು. ಇಲ್ಲಿ ತಡವರಿಸುತ್ತೀ. ಸಾಹೇಬರು ಏಳುತ್ತಾರೆ. ಮೈಕ್ ಕೊಡಬೇಡ. ಕೊನೆಯ ಸಾಲನ್ನು ನನ್ನ ಕಡೆ ತಿರುಗಿ ಹೇಳಿದರು. ಮುಂದೆ ಹೇಳು. ನನ್ನ ಮಾತನ್ನು ಅವರು ಒಂದು ಅಕ್ಷರವೂ ಬದಲಿಸದೆ ಹೇಳಿದ್ದು ಅದೇ ಮೊದಲು.

ಎಸ್ನಾತ್ ತನ್ನ ಭಾಷೆಗೆ ತಂದದ್ದೇ ತಡ, ಹೆಂಗಸರು ಖುಷಿಯಿಂದ ನಾಲಿಗೆ ಆಡಿಸಿ ಉಲಿಯತೊಡಗಿದರು. ಮುದುಕಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಅಂಗೈ ಗುಳಿ ಮಾಡಿಕೊಂಡು ಸಾಹೇಬರ ಕಡೆಗೇ ತಿರುಗಿ ಮೆಲ್ಲಗೆ ಚಪ್ಪಾಳೆ ತಟ್ಟಿದಳು. ಸಾಹೇಬರ ಮುಖ ಕೆಂಪಾಗಿತ್ತು. ಅವರು ಮೈಕನ್ನು ತಿರುಗಿಸಿ, ಹಿಡಿ ನನ್ನ ಕಡೆ ಬರುವ ಹಾಗೆ ಮಾಡಿ, ನನಗೆ ಕೊಟ್ಟರು.

"ಇನ್ನಾ ಚಿತ್ರ ಬಾಕಿ ಅವ ಅಲ್ರಿ," ಎಂದರು.

ನಾನು ಮುದುಕಿಯ ಪಕ್ಕ ಹೋಗಿ ಕೂತು, ಕೈ ಎತ್ತಿ, ಮುಂದೆ ಹೇಳಿದೆ.